ಸಾಕ್ಷಿ ಯಾರದು? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮತ್ತು ಅರಣ್ಯ ಕಾನೂನು

ಯಳಂದೂರಿನ ಕಡೆಯಿಂದ ಹತ್ತಿದರೆ ಮೈಸೂರು ಸಂಸ್ಥಾನ, ಕೊಳ್ಳೇಗಾಲದ ಕಡೆಗೆ ಇಳಿದರೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಬಿಳಿಗಿರಿರಂಗನ ಬೆಟ್ಟದ ಸೀಮೆ 1956ರವರೆಗೂ ಹೀಗೆ ಎರಡು ಆಡಳಿತಗಳಿಗೆ ಹಂಚಿಹೋಗಿತ್ತು. ಒಂದು ಕಡೆ 1882ರ ಮದ್ರಾಸ್ ಅರಣ್ಯ ಕಾಯ್ದೆ, ಇನ್ನೊಂದು ಕಡೆ 1900ರ ಮೈಸೂರು ಅರಣ್ಯ ರೆಗ್ಯುಲೇಷನ್. ಪೋಡು (ಹಾಡಿ) ಬದಲಿಸುತ್ತ ರಾಗಿ ಬೆಳೆಯುತ್ತಿದ್ದ ಬೆಟ್ಟದ ಆದಿವಾಸಿಗಳಾದ ಸೋಲಿಗರ ಪಾಲಿಗೆ ಎರಡರ ಪರಿಣಾಮವೂ ಹೆಚ್ಚುಕಡಿಮೆ ಒಂದೇ.

ಆದಿವಾಸಿಗಳ ಹಕ್ಕುಗಳನ್ನು ಹಳೆಯ ಕಾನೂನುಗಳು ಕಡೆಗಣಿಸಿದ್ದವು ಎನ್ನುವ ಮಾತು ಅರ್ಧಸತ್ಯ. ಕಾಡನ್ನು ಮೀಸಲು ಎಂದು ಘೋಷಿಸುವ ಮೊದಲು ಹಕ್ಕುಗಳ ವಿಚಾರಣೆ ಆಗಬೇಕೆಂದು ಅರಣ್ಯ ಕಾಯ್ದೆಗಳೇ ಹೇಳುತ್ತಿದ್ದವು. 1972ರ ವನ್ಯಜೀವಿ ಕಾಯ್ದೆಯೂ ಆ ಕೆಲಸವನ್ನು ಜಿಲ್ಲಾಧಿಕಾರಿಗೆ ವಹಿಸಿತು. ತೊಡಕಿದ್ದದ್ದು ಪುರಾವೆಯಲ್ಲಿ. ಗಡುವಿನೊಳಗೆ ಹಕ್ಕು ಮಂಡಿಸದವರ ಪರವಾಗಿ ಉಳಿಯುತ್ತಿದ್ದದ್ದು ಅಧಿಕಾರಿಯ ವಿಚಾರಣೆಯೊಂದೇ. ಆತ ಹೆಚ್ಚಾಗಿ ನೋಡುತ್ತಿದ್ದದ್ದು ಕಂದಾಯದ ದಾಖಲೆ. ಕಂದಾಯವನ್ನೇ ಕಟ್ಟದವನ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು? 1927ರ ಭಾರತೀಯ ಅರಣ್ಯ ಕಾಯ್ದೆಯಂತೂ ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯವನ್ನು ಹಕ್ಕೆಂದು ಒಪ್ಪಲೇ ಇಲ್ಲ. ಸರ್ಕಾರ ಬೇಕೆಂದಾಗ ಹಿಂಪಡೆಯಬಹುದಾದ ರಿಯಾಯಿತಿ ಎಂದು ಅದನ್ನು ಬದಿಗಿಟ್ಟಿತು.

ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಬೇಸಾಯ ನಿಂತಿತು. ಜೇನು, ನೆಲ್ಲಿ, ಪಾಚಿ ಸಂಗ್ರಹಿಸಿ ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕೊಡುವ ದುಡಿಮೆ ಉಳಿದಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಬೆನ್ನಲ್ಲೇ ಅದಕ್ಕೂ ಕತ್ತರಿ ಬಿತ್ತು.

2006ರ ಅರಣ್ಯ ಹಕ್ಕು ಕಾಯ್ದೆಯ ಹೊಸತನವನ್ನು ನಾನು ಕಾಣುವುದು ಅದರ ಘೋಷಣೆಗಳಲ್ಲಲ್ಲ, 2008ರ ನಿಯಮಾವಳಿಯ 13ನೇ ನಿಯಮದಲ್ಲಿ. ಅಲ್ಲಿ ಹಕ್ಕುದಾರರಲ್ಲದ ಹಿರಿಯರ ಹೇಳಿಕೆಯೇ ಸಾಕ್ಷ್ಯ; ಬಾವಿ, ಸಮಾಧಿ, ಪವಿತ್ರ ಸ್ಥಳಗಳೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಪುರಾವೆ ಬೇಕು, ನಿಜ. ಆದರೆ ಅರ್ಜಿಯ ಮೊದಲ ಪರಿಶೀಲನೆ ಗ್ರಾಮಸಭೆಯಲ್ಲೇ. ಸೋಲಿಗರಿಗೆ ಇದು ಹೇಳಿ ಮಾಡಿಸಿದಂತಿತ್ತು. ಕುಲಕುಲಕ್ಕೂ ಒಂದೊಂದು ಯೆಲ್ಲೆ (ಸೀಮೆ), ಅದರೊಳಗೆ ದೇವರು, ಕಲ್ಲುಗುಡಿ, ಅಬ್ಬಿ (ನೀರಿನ ತಾಣ). ಹಿರಿಯರು ಗುರುತಿಸಿದ ಇಂಥ ನೂರಾರು ತಾಣಗಳು ನಕ್ಷೆಗೆ ಏರಿದವು. 2011ರ ಜನವರಿಯಲ್ಲಿ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಮನ್ನಣೆ ದೇಶದಲ್ಲೇ ಮೊದಲೆಂದು ಇದನ್ನು ಪರಿಗಣಿಸಲಾಗಿದೆ.

ಮುಂದಿನ ಹಾದಿ ಸಲೀಸಾಗಿರಲಿಲ್ಲ. 2017ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಲಿಗಳ ನಿರ್ಣಾಯಕ ಆವಾಸಗಳಲ್ಲಿ ಹಕ್ಕು ನೀಡಿಕೆಯನ್ನೇ ತಡೆದು ಆದೇಶಿಸಿತು. ಮರುವರ್ಷ ಅದನ್ನು ಹಿಂಪಡೆಯಿತು.

ಇದಕ್ಕಿಂತ ಗಟ್ಟಿಯಾದ ಗಂಟು ಬೆಂಕಿಯದು. ಬೇಸಿಗೆಗೆ ಮುನ್ನ ತರಗೆಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ, ಅಂದರೆ ‘ತರಗು ಬೆಂಕಿ’, ನಿಂತ ಮೇಲೆಯೇ ಲಂಟಾನ ಕಳೆ ಬೆಟ್ಟವನ್ನೆಲ್ಲ ಆವರಿಸಿತು ಎಂದು ಸೋಲಿಗರ ಹಿರಿಯರು ಹೇಳುತ್ತ ಬಂದಿದ್ದಾರೆ. ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕು ಕೊಟ್ಟಿದೆ. ಆದರೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ವನ್ಯಜೀವಿ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ. ಹಿರಿಯರು ಆ ಕಾಡಿನಲ್ಲಿ ಬಾಳಿದ್ದರು ಎಂಬುದಕ್ಕೆ ಅವರ ಮಾತನ್ನೇ ಸಾಕ್ಷಿಯಾಗಿ ಒಪ್ಪಿದ ಕಾನೂನು, ಕಾಡನ್ನು ಹೇಗೆ ಬಾಳಿಸಿದ್ದರು ಎಂಬುದಕ್ಕೆ ಅದೇ ಮಾತನ್ನು ಇನ್ನೂ ಒಪ್ಪಿಲ್ಲ.