ಬಾಲ ನ್ಯಾಯ ಕಾಯ್ದೆಯಡಿ ಅಪರಾಧ ದಾಖಲೆಗಳ ನಾಶ ಮತ್ತು ನಡತೆ ಪ್ರಮಾಣ ಪತ್ರ

ಹದಿನೆಂಟು ವರ್ಷ ತುಂಬುವ ಮೊದಲು ಅಪರಾಧ ಪ್ರಕರಣಕ್ಕೆ ಒಳಗಾಗಿದ್ದು, ತರುವಾಯ ಉದ್ಯೋಗದ ಸಲುವಾಗಿ ಪೊಲೀಸ್ ನಡತೆ ಪ್ರಮಾಣ ಪತ್ರ ಕೋರುವವರಿಗೆ ಹಳೆಯ ದಾಖಲೆಯು ಅಡ್ಡಿಯಾಗುವುದೇ ಎಂಬ ಆತಂಕ ಸಹಜ.

ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2000ರ 19ನೇ ಕಲಂ ಪ್ರಕಾರ, ಬಾಲಕರಿಗೆ ದೋಷನಿರ್ಣಯದ ಕಾರಣದಿಂದ ಯಾವುದೇ ಅನರ್ಹತೆ ಉಂಟಾಗತಕ್ಕದ್ದಲ್ಲ. ದಾಖಲೆಗಳನ್ನು ತೆಗೆದುಹಾಕುವಂತೆ ಮಂಡಳಿಯು ಆದೇಶಿಸಬೇಕಾಗಿತ್ತು. ಅಪರಾಧದ ಸ್ವರೂಪವನ್ನು ಅನುಸರಿಸಿ ಭೇದವೆಣಿಸಿರಲಿಲ್ಲ. 2016ರ ಜನವರಿ 15ರಂದು ಜಾರಿಗೆ ಬಂದ 2015ರ ಕಾಯ್ದೆಯು ತನ್ನ 24ನೇ ಕಲಮಿನಲ್ಲಿ ಈ ರಕ್ಷಣೆಯನ್ನು ಉಳಿಸಿಕೊಂಡು ಒಂದು ಅಪವಾದವನ್ನು ಸೇರಿಸಿತು. 16 ವರ್ಷ ತುಂಬಿದವರು ಘೋರ ಅಪರಾಧವೆಸಗಿದ ಆರೋಪದ ಮೇಲೆ, ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಗಾಗಿ ತಪ್ಪಿತಸ್ಥರೆಂದು ಕಂಡುಬಂದಲ್ಲಿ ಮಾತ್ರ ದಾಖಲೆಗಳನ್ನು ಆ ನ್ಯಾಯಾಲಯವು ಉಳಿಸಿಕೊಳ್ಳುತ್ತದೆ. ಕೇವಲ 16 ವರ್ಷ ತುಂಬಿತ್ತೆಂಬ ಕಾರಣಕ್ಕೆ ಅಪವಾದವು ಅನ್ವಯಿಸದು. ಈ ಅಂಶವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸುವುದು.

ಉಳಿದ ಪ್ರಕರಣಗಳಲ್ಲಿ ದಾಖಲೆ ನಾಶಪಡಿಸುವಂತೆ ಬಾಲ ನ್ಯಾಯ ಮಂಡಳಿಯು ಪೊಲೀಸರಿಗೆ, ಮಕ್ಕಳ ನ್ಯಾಯಾಲಯವು ತನ್ನದೇ ಕಚೇರಿಗೆ ಆದೇಶಿಸತಕ್ಕದ್ದು. 2016ರ ಮಾದರಿ ನಿಯಮಗಳ 14ನೇ ನಿಯಮದಂತೆ, ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ 7 ವರ್ಷಗಳವರೆಗೆ ದಾಖಲೆಗಳನ್ನು ಸುರಕ್ಷಿತವಾಗಿಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಅಷ್ಟೇ ಅಲ್ಲದೆ, ಮುಕ್ತಾಯಗೊಂಡ ಪ್ರಕರಣದಲ್ಲಿ ಮಗುವಿನ ದಾಖಲೆಯನ್ನು ನಡತೆ ಪ್ರಮಾಣ ಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸಕೂಡದೆಂದು 74ನೇ ಕಲಂ ಸ್ಪಷ್ಟವಾಗಿ ನಿರ್ಬಂಧಿಸಿದೆ. ಅಂದರೆ ದಾಖಲೆ ನಾಶವಾಗುವವರೆಗೆ ಕಾಯಬೇಕಾದ ಅಗತ್ಯವಿಲ್ಲ.

ಆದಾಗ್ಯೂ ಪರಿಶೀಲನಾ ವರದಿಯಲ್ಲಿ ಹಳೆಯ ಪ್ರಕರಣವು ನಮೂದಾದಲ್ಲಿ, ಅರ್ಜಿದಾರರು ಅಂತಿಮ ಆದೇಶದ ದೃಢೀಕೃತ ಪ್ರತಿ ಹಾಗೂ ಘಟನೆಯ ದಿನದ ವಯಸ್ಸನ್ನು ತೋರುವ ಜನನ ಪ್ರಮಾಣ ಪತ್ರ ಅಥವಾ ಶಾಲಾ ದಾಖಲೆಯೊಂದಿಗೆ, ಪ್ರಕರಣವನ್ನು ತೀರ್ಮಾನಿಸಿದ ಮಂಡಳಿಗೆ ಮನವಿ ಸಲ್ಲಿಸುವುದು ಸೂಕ್ತ. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ನೇಮಕಾತಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ, ಬಾಲ್ಯದ ಪ್ರಕರಣವನ್ನು ಮುಂದಿಟ್ಟು ಅಭ್ಯರ್ಥಿಯನ್ನು ಅನರ್ಹಗೊಳಿಸಲಾಗದೆಂದು ಅಭ್ಯರ್ಥಿಯ ಪರವಾಗಿ ತೀರ್ಪು ನೀಡಿದೆ.

ವಯಸ್ಕರಾಗಿ ಶಿಕ್ಷೆಗೊಳಗಾದವರಿಗೆ ಇಂತಹ ಸಾಮಾನ್ಯ ಅವಕಾಶವಿಲ್ಲ. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958ರ 12ನೇ ಕಲಂ ದೋಷನಿರ್ಣಯಕ್ಕೆ ಅಂಟಿದ ಅನರ್ಹತೆಯನ್ನಷ್ಟೇ ನಿವಾರಿಸುತ್ತದೆ, ದಾಖಲೆಯನ್ನಲ್ಲ. ಖುಲಾಸೆಯಾದವರ ಬೆರಳಚ್ಚು ಮೊದಲಾದ ಅಳತೆಗಳ ವಿಷಯ ಬೇರೆ: ಹಿಂದೆ ಕಾರಾಗೃಹ ಶಿಕ್ಷಾರ್ಹ ಅಪರಾಧದಲ್ಲಿ ದೋಷಿಯಾಗದವರ ಅಳತೆಗಳನ್ನು, ನ್ಯಾಯಾಲಯವು ಅನ್ಯಥಾ ಆದೇಶಿಸದ ಹೊರತು, ಎಲ್ಲ ಕಾನೂನು ಪರಿಹಾರಗಳು ಮುಗಿದ ನಂತರ ನಾಶಪಡಿಸಬೇಕೆಂದು 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯ 4ನೇ ಕಲಂ ಹೇಳುತ್ತದೆ.