ಕೇರೆಗೂ ಒಂದು ಚರಿತ್ರೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಅರಳಿಕಟ್ಟೆಯ ಮೇಲೆ ನಾಗರಕಲ್ಲುಗಳನ್ನು ನೋಡುತ್ತೇವೆ. ಹಬ್ಬ ಬಂದರೆ ಅವಕ್ಕೆ ತನಿ ಎರೆಯುತ್ತಾರೆ. ಅದೇ ಊರಿನ ಹೊಲದ ಬದುವಿನಲ್ಲಿ ಹಗಲಲ್ಲೇ ಓಡಾಡುವ ಕೇರೆಹಾವಿಗೆ ಕಲ್ಲೂ ಇಲ್ಲ, ಹಬ್ಬವೂ ಇಲ್ಲ. ಈ ಸೀಮೆಯ ಬೇಸಾಯದ ಚರಿತ್ರೆಯನ್ನು ಅಧ್ಯಯನ ಮಾಡುತ್ತಿರುವ ನನಗೆ, ಬೇಸಾಯಗಾರನ ಜೊತೆಯಲ್ಲೇ ಬದುಕಿದ ಈ ಹಾವಿನ ಕಥೆಯನ್ನು ಎಲ್ಲಿ ಹುಡುಕುವುದು ಎಂಬ ಪ್ರಶ್ನೆ ಎದುರಾಯಿತು.

ಮೊದಲ ಸಾಕ್ಷಿ ಹೆಸರಿನಲ್ಲೇ ಇದೆ. ನಮ್ಮ ಕೇರೆ ಮಲಯಾಳದಲ್ಲಿ ಚೇರ. ನಮ್ಮ ಕಿವಿ ತಮಿಳಿನಲ್ಲಿ ಚೆವಿ ಆದ ಹಾಗೆಯೇ ಇಲ್ಲೂ ಕಕಾರ ಚಕಾರವಾಗಿದೆ. ಅಂದರೆ ಈ ಭಾಷೆಗಳು ಕವಲೊಡೆಯುವ ಮೊದಲೇ ನಮ್ಮ ಪೂರ್ವಿಕರು ಈ ಹಾವನ್ನು ಗುರುತಿಸಿ ಹೆಸರಿಟ್ಟಿದ್ದರು. ಸ್ವೀಡನ್ನಿನ ಲಿನೇಯಸ್ ಇದಕ್ಕೆ ಲ್ಯಾಟಿನ್ ಹೆಸರು ಕೊಟ್ಟಿದ್ದು 1758ರಲ್ಲಿ.

ಎರಡನೆಯ ಸಾಕ್ಷಿ ನೆಲ. ಶಿಂಷಾ, ಜಯಮಂಗಲಿ ನದಿಗಳು ಹುಟ್ಟುವ ದೇವರಾಯನದುರ್ಗ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗ, ಇವೆಲ್ಲ ಬಂಡೆ ಮತ್ತು ಕುರುಚಲು ಕಾಡಿನ ಒಣ ಬೆಟ್ಟಗಳು. ಬೆಟ್ಟದ ಬುಡದಲ್ಲಿ ರಾಗಿ ಹೊಲ, ಅದರ ಕೆಳಗೆ ಕೆರೆ, ಕೆರೆಯ ಹಿಂದೆ ತೆಂಗಿನ ತೋಟ. ಕೇರೆ ಮರ ಹತ್ತುತ್ತದೆ, ನೀರಿನಲ್ಲಿ ಈಜುತ್ತದೆ. ಇಲಿ, ಕಪ್ಪೆ, ಓತಿ, ಹಕ್ಕಿಮರಿ ಯಾವುದನ್ನೂ ಬಿಡುವುದಿಲ್ಲ. ಬಂಡೆಯ ಸಂದು, ಹುತ್ತ, ಇಲಿಯ ಬಿಲ ಅದರ ಮನೆ. ಬೆಟ್ಟ, ಹೊಲ, ಕೆರೆ ಮೂರೂ ಅಕ್ಕಪಕ್ಕದಲ್ಲಿರುವ ಇಂಥ ಜಾಗ ಅದಕ್ಕೆ ಹೇಳಿ ಮಾಡಿಸಿದಂತಿದೆ. ಇದರಲ್ಲಿ ಬೆಟ್ಟವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮನುಷ್ಯ ಮಾಡಿದ್ದು ಎಂಬುದನ್ನು ಗಮನಿಸಬೇಕು.

ಹಳೆಯ ಮೈಸೂರು ಸೀಮೆಯ ರೈತ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರದ ಕಾಲಕ್ಕೆ ಅದೇ ಆಸರೆ. ಆದರೆ ತೆನೆ ಹಗೇವು ಸೇರುವ ಮೊದಲು ಹೊಲ, ಬಣವೆ, ಕಣ ದಾಟಿ ಬರಬೇಕು. ದಾರಿಯುದ್ದಕ್ಕೂ ಇಲಿಗಳ ಕಾಟ. ಇಲಿಗಳ ಹಿಂದೆ ಕೇರೆ ಬಂತು, ಕೊಟ್ಟಿಗೆಗೂ ಬಂತು. ಅಲ್ಲಿ ಕಂಡ ಹಾವು ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂಬ ಮಾತು ಹುಟ್ಟಿಕೊಂಡಿತು. ಹಾವಿನ ಬಾಯಿಯ ರಚನೆಯಲ್ಲಿ ಕೆಚ್ಚಲು ಚೀಪುವುದು ಸಾಧ್ಯವಿಲ್ಲ. ಕಾಳು ಕಾಯಲು ನೆರವಾದ ಹಾವಿನ ಮೇಲೆ ಹಾಲು ಕದ್ದ ಅಪವಾದ ಉಳಿಯಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಮೈಸೂರು ಸಂಸ್ಥಾನದಲ್ಲೆಲ್ಲ ಹರಡಿತು. ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಅದೇ ವರ್ಷ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ, ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ತೋರಿಸಿದ. ಇಲಿ ಬರೀ ಕಾಳು ತಿನ್ನುವ ಕಳ್ಳನಲ್ಲ ಎಂದು ಆಗ ಗೊತ್ತಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಕೇರೆಗೆ ಬೆಲೆ ಬಂದದ್ದು ಅದರ ಚರ್ಮಕ್ಕೆ. ಚೀಲ, ಬೆಲ್ಟು, ಚಪ್ಪಲಿಗಳಾಗಿ ಅದು ಹೊರದೇಶಗಳಿಗೆ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಮುಂದೆ ಬಂದ ರಫ್ತು ನಿಷೇಧ ಈ ವ್ಯಾಪಾರಕ್ಕೆ ತಡೆ ಹಾಕಿದವು. ಚರ್ಮಕ್ಕಾಗಿ ಹಾವು ಹಿಡಿದು ಬದುಕುತ್ತಿದ್ದ ತಮಿಳುನಾಡಿನ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ಹಾವನ್ನು ಕೊಲ್ಲದೆ ವಿಷ ತೆಗೆದು ಮಾರತೊಡಗಿದರು. ವಿಷವೇ ಇಲ್ಲದ ಕೇರೆಗೆ ಆ ಹೊಸ ಕಸುಬಿನಲ್ಲಿ ಕೆಲಸವಿರಲಿಲ್ಲ.

ಈಗ ಕಾಯ್ದೆಯ ರಕ್ಷಣೆಯಿದೆ, ನೆಲ ಬದಲಾಗಿದೆ. ಹೇಮಾವತಿ ನಾಲೆಯ ನೀರು ಬಂದ ಗುಬ್ಬಿ ಸೀಮೆಯಲ್ಲಿ ಅಡಿಕೆ ತೋಟಗಳು ಎದ್ದಿವೆ. ಹಗೇವುಗಳು ಮುಚ್ಚಿಹೋಗಿವೆ. ಪಾಷಾಣ ತಿಂದ ಇಲಿಯನ್ನು ನುಂಗಿದ ಹಾವಿಗೂ ಅಪಾಯ ತಪ್ಪಿದ್ದಲ್ಲ. ಹಗಲಲ್ಲಿ ಓಡಾಡುವ ಕೇರೆ ಹೆದ್ದಾರಿ ದಾಟುವುದು ವಾಹನಗಳ ಭರಾಟೆಯ ಹೊತ್ತಿನಲ್ಲೇ.

ನಾಗರಕಲ್ಲಿನ ಕಾಲವನ್ನು ಅದರ ಕೆತ್ತನೆ ನೋಡಿ ಅಂದಾಜು ಮಾಡಬಹುದು. ಕೇರೆಯ ಚರಿತ್ರೆ ಉಳಿದಿರುವುದು ಒಂದು ಪದದಲ್ಲಿ, ಮುಚ್ಚಿದ ಗುಂಡಿಗಳಲ್ಲಿ, ಹಿರಿಯರ ಮಾತಿನಲ್ಲಿ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ: ಹಗೇವು ಎಲ್ಲಿತ್ತು, ಕಣದಲ್ಲಿ ಕೇರೆ ಕಂಡರೆ ಏನು ಮಾಡುತ್ತಿದ್ದಿರಿ ಎಂದು. ಅವರು ಹೇಳಿದ್ದನ್ನು ಬರೆದಿಡಿ.