ಗಾಳಿ ತುಂಬಿದ ಚಕ್ರದ ಚರಿತ್ರೆ

ಹಳೆಯ ಮೋಟಾರ್ ಸೈಕಲ್ ಕೊಳ್ಳಲು ಹೊರಟವರು ಎಂಜಿನ್ನಿನ ಸದ್ದನ್ನು ಆಲಿಸುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ವಿಚಾರಿಸುತ್ತಾರೆ. ಟೈರಿನ ಮಾತು ಬಂದಾಗ 'ಗ್ರಿಪ್ ಇನ್ನೂ ಚೆನ್ನಾಗಿದೆ' ಎಂಬ ಒಂದೇ ಉತ್ತರಕ್ಕೆ ತೃಪ್ತರಾಗುತ್ತಾರೆ. ಆದರೆ ದೂರ ಪ್ರಯಾಣದಲ್ಲಿ ಸವಾರನ ಪ್ರಾಣ ನಿಂತಿರುವುದು ಟೈರು ನೆಲವನ್ನು ಮುಟ್ಟುವ ಎರಡು ಪುಟ್ಟ ತಾಣಗಳ ಮೇಲೆ.

ಆ ತಾಣ ಎಷ್ಟು ದೊಡ್ಡದು? ಹಿಂದಿನ ಚಕ್ರದ ಮೇಲೆ 150 ಕಿ.ಗ್ರಾಂ. ಭಾರವಿದೆ, ಟೈರಿನೊಳಗೆ 32 ಪಿಎಸ್‌ಐ, ಅಂದರೆ ಸುಮಾರು 2.2 ಲಕ್ಷ ಪಾಸ್ಕಲ್ ಒತ್ತಡವಿದೆ ಎಂದುಕೊಳ್ಳೋಣ. ಬಲವನ್ನು ಒತ್ತಡದಿಂದ ಭಾಗಿಸಿದರೆ ಸುಮಾರು 67 ಚದರ ಸೆಂ.ಮೀ. ಬರುತ್ತದೆ. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜು ಮಾತ್ರ. ಬೆರಳುಗಳನ್ನು ಬಿಟ್ಟು ಅಂಗೈ ಅಗಲದ ಈ ಜಾಗವನ್ನು ನಂಬಲರ್ಹವಾಗಿಸಲು ತಂತ್ರಜ್ಞರಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ರಬ್ಬರ್ ಪಳಗಿದ ಬಗೆ

ಕಚ್ಚಾ ರಬ್ಬರ್ ಬಿಸಿಲಿನಲ್ಲಿ ಅಂಟಂಟಾಗುತ್ತದೆ, ಚಳಿಯಲ್ಲಿ ಪೆಡಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಈ ದೋಷವನ್ನು ನೀಗಿಸಿದ. 1844ರಲ್ಲಿ ಪೇಟೆಂಟ್ ಪಡೆದ. ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಗಂಧಕವು ಸೇತುವೆ ಕಟ್ಟುವುದರಿಂದ ಅವು ಜಾರಿಹೋಗದೆ, ಎಳೆದು ಬಿಟ್ಟಾಗ ಮೊದಲಿನ ಸ್ಥಿತಿಗೆ ಮರಳುತ್ತವೆ. ಇದೇ ವಲ್ಕನೀಕರಣ. ಗುಡ್‌ಇಯರ್ 1860ರಲ್ಲಿ ಸಾಲಗಾರನಾಗಿಯೇ ತೀರಿಕೊಂಡ.

ಎರಡು ಬಾರಿ ಹುಟ್ಟಿದ ಟೈರು

ಗಾಳಿಯ ಟೈರನ್ನು ಮೊದಲು ರೂಪಿಸಿದವನು ಡನ್‌ಲಪ್ ಅಲ್ಲ. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, ತನ್ನ 23ನೆಯ ವಯಸ್ಸಿನಲ್ಲಿ, ಇದಕ್ಕೆ ಪೇಟೆಂಟ್ ಪಡೆದ. ರಬ್ಬರ್ ಸವರಿದ ಬಟ್ಟೆಯ ಕೊಳವೆಗೆ ಗಾಳಿ ತುಂಬಿ, ಮೇಲೆ ಚರ್ಮದ ಹೊದಿಕೆ ಹಾಕಿದ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆಗಾಡಿಗೆ ಅಳವಡಿಸಿ ತೋರಿಸಿದ. ಗಾಡಿ ಸದ್ದಿಲ್ಲದೆ, ಹಗುರವಾಗಿ ಸಾಗಿತು. ಆದರೆ ಆಗಿನ್ನೂ ಸೈಕಲ್ ಬಳಕೆಗೆ ಬಂದಿರಲಿಲ್ಲ, ಮೋಟಾರು ಇರಲಿಲ್ಲ. ಅಗತ್ಯಕ್ಕಿಂತ ಮೊದಲೇ ಬಂದ ಉಪಾಯ ಮರೆತುಹೋಯಿತು.

1887ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿಯ ಟೈರನ್ನು ಮತ್ತೆ ಕಂಡುಹಿಡಿದ. 1888ರಲ್ಲಿ ಪೇಟೆಂಟ್ ದೊರೆಯಿತು. ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಟೈರುಗಳ ಮೇಲೆ ಪಂದ್ಯಗಳನ್ನು ಗೆದ್ದಾಗ ನಕ್ಕವರೆಲ್ಲ ಸುಮ್ಮನಾದರು. ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್‌ಲಪ್‌ನ ಹಕ್ಕು ಬಿದ್ದುಹೋದರೂ ಟೈರು ಉಳಿಯಿತು. ಡನ್‌ಲಪ್‌ನ ಟೈರನ್ನು ಚಕ್ರಕ್ಕೆ ಅಂಟಿಸಬೇಕಿತ್ತು. ಪಂಕ್ಚರ್ ಆದರೆ ರಿಪೇರಿಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. 1890ರಲ್ಲಿ ವೆಲ್ಚ್ ಮತ್ತು ಬಾರ್ಟ್‌ಲೆಟ್, 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಸೋದರರು ಬಿಚ್ಚಿ ತೊಡಿಸಬಲ್ಲ ಟೈರುಗಳನ್ನು ರೂಪಿಸಿದರು. ಇಂದಿಗೂ ಟೈರಿನ ಅಂಚಿನಲ್ಲಿರುವ ಉಕ್ಕಿನ ತಂತಿ ವೆಲ್ಚ್‌ನ ಕೊಡುಗೆ.

1885ರಲ್ಲಿ ಡೈಮ್ಲರ್ ರಚಿಸಿದ ಮೊದಲ ಪೆಟ್ರೋಲ್ ದ್ವಿಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರಗಳಿದ್ದವು. 1894ರಲ್ಲಿ ಜರ್ಮನಿಯಲ್ಲಿ ಸಾಲುಸಾಲಾಗಿ ತಯಾರಾದ ಹಿಲ್ಡೆಬ್ರಾಂಡ್-ವುಲ್ಫ್‌ಮ್ಯುಲ್ಲರ್ ಮೋಟಾರ್ ಸೈಕಲ್ ಗಾಳಿಯ ಟೈರಿನ ಮೇಲೆ ಓಡಿತು.

ಬಣ್ಣ, ದಾರ, ಗಾಳಿ

ಮೊದಲ ಟೈರುಗಳು ಬಿಳಿಚಾಗಿದ್ದವೆಂದರೆ ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನ್‌ನಲ್ಲಿ, ನುಣ್ಣನೆಯ ಇಂಗಾಲದ ಮಸಿ ಬೆರೆಸಿದರೆ ರಬ್ಬರ್ ಸವೆತವನ್ನು ಬಹುವಾಗಿ ತಡೆಯುತ್ತದೆಂದು ತಿಳಿಯಿತು. ಟೈರಿನ ಕಪ್ಪು ಬಣ್ಣ ಅಲಂಕಾರವಲ್ಲ, ಅದು ಅದರ ಬಲ.

ರಬ್ಬರಿನೊಳಗೆ ಬಟ್ಟೆ ಅಡಗಿದೆ. ಹಾಸುಹೊಕ್ಕಾಗಿ ನೇಯ್ದ ಬಟ್ಟೆಯ ಎಳೆಗಳು ಒಂದನ್ನೊಂದು ಉಜ್ಜಿ ಬೇಗ ತುಂಡಾಗುತ್ತಿದ್ದವು. ಆದ್ದರಿಂದ ಸಮಾಂತರ ದಾರಗಳ ಪದರಗಳು ಬಳಕೆಗೆ ಬಂದವು. ಅವನ್ನು ಓರೆಯಾಗಿ ಹೂಡಿದ್ದು ಬಯಾಸ್ ಟೈರು. 1946ರಲ್ಲಿ ಮಿಶೆಲಿನ್ ಕಂಪನಿ ದಾರಗಳನ್ನು ಅಂಚಿನಿಂದ ಅಂಚಿಗೆ ನೇರವಾಗಿ ಹೂಡಿ, ಮೇಲೆ ಪಟ್ಟಿ ಸುತ್ತಿದ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಕಾರುಗಳಲ್ಲಿ ಅದು ಬೇಗ ಹರಡಿತು. ಮೋಟಾರ್ ಸೈಕಲ್ಲಿಗೆ ಬರಲು 1980ರ ದಶಕದವರೆಗೆ ಕಾಯಬೇಕಾಯಿತು. ಕಾರಣ, ದ್ವಿಚಕ್ರ ತಿರುವಿನಲ್ಲಿ ವಾಲುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ವಾಹನ ಸುಮಾರು 30 ಡಿಗ್ರಿ ವಾಲಬೇಕು. ಆಗ ಭಾರ ಬೀಳುವುದು ಟೈರಿನ ದುಂಡನೆಯ ಪಕ್ಕದ ಮೇಲೆ. ರೇಡಿಯಲ್ ಮತ್ತು ಬಯಾಸ್ ಟೈರುಗಳು ಇಲ್ಲಿ ಬಾಗುವ ರೀತಿಯೇ ಬೇರೆ. ತಯಾರಕರು ಒಪ್ಪಿದ ಜೋಡಿಯ ಹೊರತು ಮುಂದೊಂದು ಹಿಂದೊಂದು ಹಾಕಬಾರದೆನ್ನುವುದು ಇದರಿಂದಲೇ.

1952ರಲ್ಲಿ ಅಮೆರಿಕದಲ್ಲಿ ಟ್ಯೂಬ್‌ಲೆಸ್ ಟೈರಿಗೆ ಪೇಟೆಂಟ್ ದೊರೆಯಿತು. ಮೊಳೆ ಚುಚ್ಚಿದರೆ ಟ್ಯೂಬಿನ ಗಾಳಿ ಸರ್ರನೆ ಹೊರಹೋಗುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ರಬ್ಬರು ಮೊಳೆಯನ್ನು ಕಚ್ಚಿ ಹಿಡಿದು ಗಾಳಿ ನಿಧಾನವಾಗಿ ಸೋರುತ್ತದೆ. ಹೆದ್ದಾರಿಯ ವೇಗದಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು. ಆದರೆ ಸಾಮಾನ್ಯ ಕಡ್ಡಿಯ ಚಕ್ರದಲ್ಲಿ ಪ್ರತಿ ಕಡ್ಡಿಗೂ ಒಂದು ರಂಧ್ರವಿರುವುದರಿಂದ ಟ್ಯೂಬ್ ಅನಿವಾರ್ಯ. 1987ರಲ್ಲಿ ಬಿಎಂಡಬ್ಲ್ಯು ಕಡ್ಡಿಗಳನ್ನು ರಿಮ್ಮಿನ ಅಂಚಿಗೆ ಸರಿಸಿ ಇದಕ್ಕೆ ಪರಿಹಾರ ತೋರಿಸಿತು. 1960ರ ದಶಕದ ಆದಿಯಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಕಡ್ಡಿಯ ಚಕ್ರದವು. ಅವನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರು ಟೈರಿನಷ್ಟೇ ಕಾಳಜಿಯಿಂದ ಟ್ಯೂಬನ್ನೂ ನೋಡಿಕೊಳ್ಳಬೇಕು.

ಸವೆಯದೆಯೂ ಸಾಯುವ ಟೈರು

ಈಗ 'ಗ್ರಿಪ್ ಚೆನ್ನಾಗಿದೆ' ಎಂಬ ಮಾತಿಗೆ ಮರಳೋಣ. ರಬ್ಬರಿನ ಅಣುವಿನಲ್ಲಿ ವಲ್ಕನೀಕರಣದ ನಂತರವೂ ದ್ವಿಬಂಧಗಳು ಉಳಿದಿರುತ್ತವೆ. ಗಾಳಿಯಲ್ಲಿನ ಓಜೋನ್ ಇವನ್ನು ಕತ್ತರಿಸುತ್ತದೆ. ಆಮ್ಲಜನಕವು ರಬ್ಬರನ್ನು ಗಡುಸಾಗಿಸುತ್ತದೆ. ರಕ್ಷಣೆಗೆಂದು ಬೆರೆಸಿದ ಮೇಣ ಟೈರು ಓಡುವಾಗ, ಬಾಗಿ ಬಳುಕುವಾಗ ಮೇಲ್ಮೈಗೆ ಚೆನ್ನಾಗಿ ಬರುತ್ತದೆ. ಹಾಗಾಗಿ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಮೋಟಾರ್ ಸೈಕಲ್ಲಿನ ಟೈರು, ಹೊಸದರಂತೆ ಕಂಡರೂ, ಪಕ್ಕದ ಗೋಡೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಅಂಥದ್ದು ಮಳೆಯ ರಸ್ತೆಯಲ್ಲಿ ಹಿಡಿತ ಕೊಡದು.

ಇದನ್ನು ತಿಳಿಯಲು ಗೋಡೆಯ ಮೇಲಿನ ಅಂಕಿಗಳನ್ನು ಓದಿ. '3218' ಎಂದಿದ್ದರೆ 2018ನೆಯ ವರ್ಷದ 32ನೆಯ ವಾರದಲ್ಲಿ ತಯಾರಾದದ್ದು. 2000ದಿಂದ ಈ ನಾಲ್ಕಂಕಿಯ ಪದ್ಧತಿ ಬಂತು. ಮೂರೇ ಅಂಕಿ ಕಂಡರೆ ಟೈರು ಹಿಂದಿನ ಶತಮಾನದ್ದು, ಕೂಡಲೇ ಬದಲಿಸಿ. '110/90-18 61ಪಿ' ಎಂದರೆ ಅಗಲ 110 ಮಿ.ಮೀ., ಎತ್ತರ ಅದರ ಶೇ. 90, ರಿಮ್ಮು 18 ಅಂಗುಲ, ಭಾರಮಿತಿ 257 ಕಿ.ಗ್ರಾಂ., ವೇಗಮಿತಿ ಗಂಟೆಗೆ 150 ಕಿ.ಮೀ. ದಪ್ಪ ಟೈರು ಹಾಕಿದರೆ ಹೆಚ್ಚು ಭದ್ರ ಎಂಬುದು ತಪ್ಪು ಕಲ್ಪನೆ. ಕಿರಿದಾದ ರಿಮ್ಮಿನಲ್ಲಿ ಅದರ ದುಂಡು ಕೆಟ್ಟು ವಾಲುವಿಕೆ ಅಸ್ಥಿರವಾಗುತ್ತದೆ.

ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಗಾಳಿ ಕಡಿಮೆಯಾದರೆ ಗೋಡೆ ಹೆಚ್ಚು ಬಾಗುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಶಕ್ತಿ ಉಷ್ಣವಾಗಿ ಉಳಿದು ಪದರಗಳನ್ನು ಸಡಿಲಿಸುತ್ತದೆ. ಹಿಂಬದಿ ಸವಾರ, ಸಾಮಾನು ಇದ್ದಾಗ ಕೈಪಿಡಿ ಹೇಳುವಷ್ಟು ಹೆಚ್ಚಿಸಬೇಕು. ಕಡ್ಡಿಗಳನ್ನು ಸಣ್ಣ ಸ್ಪ್ಯಾನರಿನಿಂದ ತಟ್ಟಿ ನೋಡಿ: ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ತಂತಿಯ ಕರ್ಷಣ ಹೆಚ್ಚಿದಂತೆ ಆವೃತ್ತಿ ಹೆಚ್ಚುವುದೆಂಬ ಪಾಠವೇ ಇದು.

ಅಧ್ಯಾಪಕರು ಇದನ್ನು ಶಾಲೆಯಂಗಳದಲ್ಲೇ ಮಾಡಿಸಬಹುದು. ಸೈಕಲ್ ಟೈರಿಗೆ ಸೀಮೆಸುಣ್ಣದ ಪುಡಿ ಸವರಿ ಕಾಗದದ ಮೇಲೆ ಅಚ್ಚು ತೆಗೆದು, ಚೌಕಗಳನ್ನು ಎಣಿಸಿ ವಿಸ್ತೀರ್ಣ ಕಂಡುಕೊಳ್ಳಲಿ. ಗಾಳಿ ಇಳಿಸಿ ಮತ್ತೆ ಅಚ್ಚು ತೆಗೆಯಲಿ. ಬಳಿಕ ತಮ್ಮ ಮನೆಯ ದ್ವಿಚಕ್ರದ ಟೈರಿನ ನಾಲ್ಕಂಕಿಯನ್ನು ಬರೆದು ತರಲಿ. ಆ ಅಂಕಿಗಳನ್ನು ನೋಡಿ ಒಂದೆರಡು ಮನೆಗಳಲ್ಲಾದರೂ ಹಳೆಯ ಟೈರು ಬದಲಾದರೆ ಪಾಠ ಸಾರ್ಥಕ.